ಹೋಗುವಾಗ ಇತ್ತು

(ಕುಂದಾಪುರದ ಬಳಿಯ ಒಂದು ಮನೆ. ಸೌದಿಯ ದಮ್ಮಾಮಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದು ಊರಿಗೆ ಮರಳಿದ ಮಾವ. ಕಾನೂನು ಓದುತ್ತಿರುವ ಅಕ್ಕನ ಮಗಳು.)

ಹುಡುಗಿ: ಬೇಸರ ಮಾಡ್ಕೊಬೇಡಿ ಮಾವ. 1834ರಿಂದ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಹೋದ ಕರಾರು ಕೂಲಿಗಳಿಗೂ ನಿಮಗೂ ಏನು ವ್ಯತ್ಯಾಸ? ಅವರು ಹೆಬ್ಬೆಟ್ಟು ಒತ್ತಿದರು, ನೀವು ಸಹಿ ಹಾಕಿದಿರಿ.

ಮಾವ: ವ್ಯತ್ಯಾಸ ಇಲ್ಲದೆ ಎಂತ? ಅವರಲ್ಲಿ ಎಷ್ಟೋ ಜನರಿಗೆ ಹಡಗು ಎಲ್ಲಿಗೆ ಹೋಗ್ತದೆ ಅಂತಲೇ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು: ಬಿಸಿಲು, ಸಂಬಳ, ಒಂದೇ ಕೋಣೆಯಲ್ಲಿ ಎಂಟು ಮಂಚ. ಗೊತ್ತಿದ್ದೇ ಹೋದೆ.

ಹುಡುಗಿ: ಅಜ್ಜಿಯ ಬಳೆ ಅಡವಿಟ್ಟು ವೀಸಾಕ್ಕೆ ದುಡ್ಡು ಕಟ್ಟಿದವರ ಒಪ್ಪಿಗೆ, ಒಪ್ಪಿಗೆಯೇ?

ಮಾವ: ನೀನು ಓದಲಿಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಿದ್ದಿಯಲ್ಲ, ಅದೂ ಒತ್ತಾಯವೇ? ಬಡವ ಏನು ತೀರ್ಮಾನ ಮಾಡಿದರೂ ಅದು ಹಸಿವಿನದ್ದು, ಅವನ ಬುದ್ಧಿಯದ್ದಲ್ಲ ಅಂತೀರಿ ಓದಿದವರು. ನಿನ್ನಮ್ಮನ ಮದುವೆ, ಈ ತಾರಸಿ ಮನೆ, ಎರಡೂ ನಾನು ಯೋಚಿಸಿ ಮಾಡಿದ್ದು.

ಹುಡುಗಿ: ಅಜ್ಜ ತೀರಿಕೊಂಡಾಗ ಬರದೇ ಇದ್ದದ್ದೂ ಯೋಚಿಸಿಯೇ?

ಮಾವ: (ತುಸು ತಡೆದು) ಬರಲಿಕ್ಕೆ ಬಿಡಲಿಲ್ಲ ಮಾರಾಯ್ತಿ. ಪಾಸ್‌ಪೋರ್ಟ್ ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಕಪಾಟಿನಲ್ಲಿ. ಆಗ ಅವ ಒಪ್ಪದೆ ದೇಶ ಬಿಡುವ ಎಕ್ಸಿಟ್ ಸಿಗ್ತಿರಲಿಲ್ಲ. ಹೇಳದೆ ಬೇರೆ ಕೆಲಸ ಹಿಡಿದೆವೋ, ‘ಹುರೂಬ್’ ಹಾಕ್ತಿದ್ದ, ಓಡಿಹೋದವ ಅಂತ. ಆಮೇಲೆ ಕಿಸೆಯಲ್ಲಿ ಇಕಾಮ, ಅಲ್ಲಿ ಇರಲಿಕ್ಕೆ ಕೊಡುವ ಪರವಾನಗಿ, ಇದ್ದರೂ ಇಲ್ಲದ ಹಾಗೆ. ಪೊಲೀಸರ ಕೈಗೆ ಸಿಕ್ಕರೆ ಜೈಲೇ.

ಹುಡುಗಿ: ಮತ್ತೆ ಸ್ವಾತಂತ್ರ್ಯ ಎಲ್ಲಿತ್ತು?

ಮಾವ: ಹೋಗುವಾಗ ಇತ್ತು, ಬಿಡುವಾಗ ಇರಲಿಲ್ಲ. ನೀವೆಲ್ಲ ಸಹಿ ಹಾಕಿದ ಆ ಒಂದು ಗಳಿಗೆಯನ್ನೇ ಹಿಡಿದು ವಾದ ಮಾಡ್ತೀರಿ. ಕೆಲಸದವ ಒಪ್ಪಬೇಕಾದ್ದು ದಿನಾ ಬೆಳಿಗ್ಗೆ. ನಾಳೆ ಬೇಡ ಅನ್ನಲಿಕ್ಕೆ ಆಗದಿದ್ದರೆ ಇವತ್ತು ಹೂಂ ಅಂದದ್ದಕ್ಕೆ ಏನು ಅರ್ಥ?

ಹುಡುಗಿ: ನಮ್ಮ ಕಾನೂನೂ ಕಾಯುವುದು ಹೋಗುವವರನ್ನೇ. 1983ರ ವಲಸೆ ಕಾಯ್ದೆಯಂತೆ, ಹತ್ತನೇ ತರಗತಿ ಪಾಸಾಗದವರು ಅನುಮತಿ ಇಲ್ಲದೆ ಸೌದಿಗೆ ಕೆಲಸಕ್ಕೆ ಹೋಗುವಂತಿರಲಿಲ್ಲ. ಅಮೆರಿಕಕ್ಕೆ ಹೋಗುವ ಇಂಜಿನಿಯರನ್ನು ಯಾರೂ ಕೇಳಲಿಲ್ಲ.

ಮಾವ: ಇಂಜಿನಿಯರಿಗೂ ಎಚ್-1ಬಿ ವೀಸಾದ ಕಟ್ಟು ಉಂಟು. ಕೆಲಸ ಹೋದರೆ 60 ದಿನದೊಳಗೆ ದಾರಿ ನೋಡಬೇಕು. ಆದರೆ ಅಪ್ಪ ಸತ್ತರೆ ವಿಮಾನ ಹತ್ತಲಿಕ್ಕೆ ಧಣಿಯ ಸಹಿ ಬೇಡ.

ಹುಡುಗಿ: ಸೌದಿಯಲ್ಲೂ 2021ರ ಮಾರ್ಚಿನಿಂದ ಬೇಡ. ಒಂದು ವರ್ಷ ದುಡಿದ ಮೇಲೆ ಕೆಲಸವನ್ನೂ ಬದಲಿಸಬಹುದು.

ಮಾವ: ಅದು ಕಂಪನಿ ಕೆಲಸದವರಿಗೆ. ಮನೆಕೆಲಸದವರು, ತೋಟದವರು, ಹೌಸ್ ಡ್ರೈವರುಗಳು ಆ ಸುಧಾರಣೆಗೆ ಸೇರಲಿಲ್ಲ. ಪಕ್ಕದ ಮನೆಯ ಹುಡುಗ ಹೋದದ್ದು ಹೌಸ್ ಡ್ರೈವರ್ ವೀಸಾದಲ್ಲೇ.