ಬಾಯಿಗೆ ಬಂದ ಮಾತು ಯಾರದು?

ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗಿನಲ್ಲಿ ಶುರುವಾದ ಮಾತು ಕನ್ನಡದಲ್ಲಿ ಮುಗಿಯುವುದುಂಟು. ಯಾವ ಭಾಷೆಯೆಂದು ಯಾರೂ ಯೋಚಿಸಿ ಆಡುವುದಿಲ್ಲ. ಹಾಗಾದರೆ ಹೆಂಡತಿ ಮಕ್ಕಳ ಮೇಲೆ ಎರಗುವ ಬೈಗುಳವೂ ತಾನಾಗಿಯೇ ಬಂದದ್ದೇ? “ಬಾಯಿತಪ್ಪಿ ಬಂತು ಫಾದರ್” ಎನ್ನುವವರು ಬಹಳ.

ಬೇರೇನೋ ಯೋಚಿಸುತ್ತಾ ಗಡ್ಡ ಕೆರೆದುಕೊಳ್ಳುವುದನ್ನು ಸಂತ ಥಾಮಸ್ ಅಕ್ವಿನಾಸರು (1225–1274) ನಿಜವಾದ ಮಾನವ ಕ್ರಿಯೆಯೆಂದು ಎಣಿಸಲಿಲ್ಲ. ವಿವೇಚಿಸಿ, ಇಚ್ಛಿಸಿ ಮಾಡಿದ್ದು ಮಾತ್ರ ಅಂಥದ್ದು. ಬೈಗುಳವೂ ಗಡ್ಡ ಕೆರೆದಂತೆಯೇ? ನನಗೆ ಹಾಗೆನಿಸದು. ರೂಢಿಯಿಂದ ಜಾರಿತೆನ್ನೋಣ, ಆ ರೂಢಿಯನ್ನು ದಿನದಿನವೂ ಸಾಕಿದವರು ನಾವೇ ಅಲ್ಲವೇ? ಮೇಲಾಗಿ, ಅದೇ ಗಳಿಗೆಯಲ್ಲಿ ಬಾಗಿಲಿಗೆ ತಹಶೀಲ್ದಾರರು ಬರಲಿ: ತೆಲುಗು ಕನ್ನಡವಾಗುತ್ತದೆ, ಏಕವಚನ ಬಹುವಚನವಾಗುತ್ತದೆ, ತುಟಿಗೆ ಬಂದ ಬೈಗುಳ ಗಂಟಲಿಗೆ ಹಿಂದಿರುಗುತ್ತದೆ.