ರೇಷ್ಮೆಯ ಮಡಿ

ದಶಲಕ್ಷಣ ಪರ್ವ ಸಮೀಪಿಸಿತೆಂದರೆ ಪೆಟ್ಟಿಗೆಯ ರೇಷ್ಮೆ ಹೊರಬರುತ್ತದೆ. ನಮ್ಮ ಶ್ರಾವಿಕೆಯರು ಅದನ್ನು ಒಗೆಯುವ ಬಗೆ ನೋಡುವಂಥದು. ಸೋಸಿದ ತಣ್ಣೀರು, ಅಂಟುವಾಳದ ನೊರೆ. ಕಲ್ಲಿಗೆ ಬಡಿಯುವುದಿಲ್ಲ, ಹಿಂಡುವುದಿಲ್ಲ, ನೆರಳಿನಲ್ಲಿ ಹರವುತ್ತಾರೆ. ರೇಷ್ಮೆಯ ಎಳೆ ಕೂದಲಿನಂತೆ ಪ್ರೋಟೀನು. ಕ್ಷಾರದ ಸಾಬೂನು ಅದರ ಬಲವನ್ನು ಕುಂದಿಸುತ್ತದೆ. ಸೋಸುಬಟ್ಟೆಯಲ್ಲುಳಿದ ಜೀವಿಗಳನ್ನು ನೀರು ತಂದ ಬಾವಿಗೇ ಮರಳಿಸುವ ಎಚ್ಚರವೂ ಕೆಲವು ಮನೆಗಳಲ್ಲಿದೆ.

ಇಷ್ಟೆಲ್ಲ ಯತ್ನಾಚಾರ ಯಾವ ವಸ್ತ್ರಕ್ಕಾಗಿ? ಪತಂಗವು ಗೂಡು ಭೇದಿಸಿ ಹೊರಬಂದರೆ ಎಳೆ ತುಂಡಾಗುತ್ತದೆ; ಆದುದರಿಂದ ಒಳಗಿನ ಜೀವವನ್ನು ಹಬೆಗೋ ಬಿಸಿಗಾಳಿಗೋ ಒಡ್ಡಿ ಕೊಂದು, ಗೂಡನ್ನು ಬೇಯಿಸಿ ನೂಲು ತೆಗೆಯುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು. ಒಗೆಯುವಾಗಿನದು ಆರಂಭೀ ಹಿಂಸೆ, ಗೃಹಸ್ಥರಿಗೆ ಅನಿವಾರ್ಯವೆನ್ನೋಣ. ಕೊಳ್ಳುವಾಗಿನದು? ಕೊಂದವರು ನಾವಲ್ಲ ಎಂದು ನುಣುಚಿಕೊಳ್ಳುವುದಾದರೆ ಕೃತದ ಜೊತೆಗೆ ಕಾರಿತ, ಅನುಮೋದನೆಗಳನ್ನೂ ಶಾಸ್ತ್ರವು ಏಕೆ ಹೇಳಿತು?

ತಾಯಿಯ ಹಳೆಯ ಸೀರೆಯನ್ನು ಎಸೆಯಿರೆಂದು ನಾನು ಹೇಳಲಾರೆ. ಎಸೆದರೂ ಆ ಜೀವಗಳು ಮರಳವು. ಅದನ್ನು ಮೃದುವಾಗಿ ಒಗೆದು ಬಾಳಿಸುವುದರಿಂದ ಹೊಸದೊಂದು ಮನೆಗೆ ಬಾರದಿದ್ದರೆ ಆ ಕೈಗಳು ಧನ್ಯ. ಆದರೆ ರೇಷ್ಮೆಯೇ ಮಡಿಯೆಂಬ ರೂಢಿ ಉಳಿದಿರುವ ಬಸದಿಗಳಲ್ಲಿ, ಮುಂದಿನ ಪರ್ವಕ್ಕೆ ಪೂಜಾವಸ್ತ್ರ ತರಿಸುವ ಮುನ್ನ, ಟ್ರಸ್ಟಿನವರು ಇದನ್ನೊಮ್ಮೆ ಸಭೆಯ ಮುಂದಿಡಲಿ: ಒಗೆದುಟ್ಟ ಹತ್ತಿಯ ಧೋತ್ರಕ್ಕೆ ಏನು ಕೊರತೆ?