ಟಿಕೆಟ್ ನಮ್ಮದು, ಹುಲಿ ಯಾರದು?



ಹೆಮ್ಮಾಡಿಯ ಕುಟುಂಬವೊಂದು ರಜೆಯಲ್ಲಿ ಬಂಡೀಪುರದ ಸಫಾರಿಗೆ ಹೊರಡುವ ಸಿದ್ಧತೆಯಲ್ಲಿತ್ತು. ವಾಹನ, ವಸತಿ, ಮುಂಗಡ ಹಣ ಎಲ್ಲದರ ಲೆಕ್ಕ ಮುಗಿದ ಮೇಲೆ ಮನೆಯ ಹಿರಿಯರು ನನ್ನನ್ನು ಕೇಳಿದರು: "ಇಷ್ಟ್ ದುಡ್ಡ್ ಕೊಟ್ರೆ ಹುಲಿ ಕಾಂಬುಕೆ ಸಿಕ್ಕತ್ತಾ, ಫಾದರ್?" ನಾನು ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾವು ಹಣ ತೆರುವುದು ನಿಜಕ್ಕೂ ಯಾವುದಕ್ಕೆ?

ವಾಹನದ ಆಸನಕ್ಕೆ, ಇಂಧನಕ್ಕೆ, ಚಾಲಕನ ದುಡಿಮೆಗೆ. ಹುಲಿ ಆ ರಶೀದಿಯಲ್ಲಿಲ್ಲ. ನಮ್ಮೂರಿನ ಸೇವಂತಿಗೆ ಬೆಳೆಗಾರರಿಗೆ ಈ ಮಾತು ಬೇಗ ಅರ್ಥವಾದೀತು. ಮಾರಣಕಟ್ಟೆಯ ಜಾತ್ರೆಗೆ ಹೂವು ಅರಳಲೆಂದು ಅವರು ತಿಂಗಳುಗಟ್ಟಲೆ ದುಡಿಯುತ್ತಾರೆ. ಹವೆ ಕೈಕೊಟ್ಟರೆ ಮೊಗ್ಗನ್ನು ಎಳೆದು ಬಿಡಿಸಲು ಹೋಗುವುದಿಲ್ಲ.

ಕಾಡಿನಲ್ಲಿ ಮಾತ್ರ ನಾವು ಎಳೆದು ಬಿಡಿಸಲು ಹವಣಿಸುತ್ತೇವೆ. ಆಫ್ರಿಕಾದ ಮಸಾಯಿ ಮಾರಾದಲ್ಲಿ ಜುಲೈಯಿಂದ ಅಕ್ಟೋಬರ್‌ವರೆಗೆ ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾ ನದಿಯನ್ನು ದಾಟುತ್ತವೆ. ಆ ದೃಶ್ಯಕ್ಕಾಗಿ ದಡದಲ್ಲಿ ಒತ್ತೊತ್ತಾಗಿ ನಿಲ್ಲುವ ವಾಹನಗಳೇ ಅವುಗಳ ದಾರಿಗೆ ಅಡ್ಡವಾಗುವುದುಂಟು. ನಮ್ಮಲ್ಲಿಯೂ "ಇನ್ನೂ ಹತ್ತಿರ ಹೋಗಿ" ಎಂದು ಚಾಲಕನನ್ನು ಪೀಡಿಸುವವರು ಕಡಿಮೆಯೇ?

ಇನ್ನೊಂದು ಮುಖವನ್ನೂ ನೋಡೋಣ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಇದು ಸಂತೋಷದ ವಿಷಯವೇ. ಆದರೆ 2025ರ ನವೆಂಬರ್‌ನಲ್ಲಿ, ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ರೈತರು ಹುಲಿಗೆ ಬಲಿಯಾದಾಗ, ಸರಕಾರ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ನಿಲ್ಲಿಸಿ ಅಲ್ಲಿನ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕಾರ್ಯಕ್ಕೆ ಕಳುಹಿಸಬೇಕಾಯಿತು. ನಾವು ಹಣ ಕೊಟ್ಟು ಕಾಣಬಯಸುವ ಹುಲಿ ತನ್ನ ಕಣ್ಣಿಗೆ ಬೀಳದಿರಲೆಂದು ಬೇಡಿಕೊಳ್ಳುವ ರೈತ ಆ ಕಾಡಿನ ಪಕ್ಕದಲ್ಲೇ ಇದ್ದಾನೆ. ನಮ್ಮ ಸಂತೋಷದ ಬೆಲೆಯನ್ನು ತೆರುತ್ತಿರುವವನು ಅವನೂ ಹೌದು.

ಹಾಗಾದರೆ ಹೋಗಬಾರದೇ? ಖಂಡಿತ ಹೋಗಿರಿ, ಕಾಣದ್ದನ್ನು ಪ್ರೀತಿಸುವುದು ಮಕ್ಕಳಿಗೆ ಕಷ್ಟ. ಆದರೆ ಅತಿಥಿಗಳಾಗಿ ಹೋಗಿರಿ. ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿರಿ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ 2009ರಲ್ಲೇ ಜಾರಿಗೆ ಬಂದುದು. ರಸ್ತೆಯ ಮೂಲ ಒಡೆಯರಿಗೆ ಅಷ್ಟು ಹೊತ್ತಾದರೂ ದಾರಿ ಬಿಡುವಂತೆ ಪ್ರಯಾಣವನ್ನು ಹೊಂದಿಸಿಕೊಳ್ಳಿರಿ. "ಅವಸರವಿಲ್ಲ, ದೂರದಿಂದ ಕಂಡರೂ ಸಾಕು" ಎಂದು ಚಾಲಕನಿಗೆ ಹೊರಡುವಾಗಲೇ ತಿಳಿಸಿರಿ. ಜಿಂಕೆ, ಕಾಡುಕೋಣ, ಆನೆಗಳನ್ನೂ ನೋಡಲು ಮಕ್ಕಳಿಗೆ ಕಲಿಸಿರಿ. ಕಾಡಂಚಿನ ಊರಿನಲ್ಲಿ ಚಹಾ ಕುಡಿಯುವಾಗ ಅಲ್ಲಿನವರ ಬದುಕನ್ನೂ ಒಂದಿಷ್ಟು ಕೇಳಿಕೊಳ್ಳಿರಿ.

ಅಷ್ಟು ದೂರ ಹೋಗಲಾಗದವರಿಗೆ ಹೆಮ್ಮಾಡಿಯಿಂದಲೇ ಕೊಲ್ಲೂರಿನ ರಸ್ತೆಯಿದೆ. ಆ ದಿಕ್ಕಿನಲ್ಲಿ 1974ರಲ್ಲಿ ಘೋಷಿತವಾದ ಮೂಕಾಂಬಿಕಾ ವನ್ಯಜೀವಿ ಧಾಮವಿದೆ. ಸಿಂಗಳೀಕಗಳ ಮನೆ ಅದು. ಬಸ್ಸಿನ ಕಿಟಕಿಯಿಂದ ನಾವೆಷ್ಟು ಮಂದಿ ಆ ಕಾಡನ್ನು ಗಮನಿಸಿದ್ದೇವೆ?

ಅಂದು ಸುಮ್ಮನಾಗಿದ್ದ ನಾನು ಆ ಹಿರಿಯರಿಗೆ ಇಂದು ಹೀಗೆ ಹೇಳಿಯೇನು: ಹುಲಿ ಕಂಡರೆ ಅದು ನಿಮಗೆ ದೊರೆತ ದಾನ. ಕಾಣದಿದ್ದರೆ ಯಾರೂ ನಿಮಗೆ ಮೋಸ ಮಾಡಲಿಲ್ಲ. ಅದು ತನ್ನ ಮನೆಯಲ್ಲಿ ಸುಖವಾಗಿದೆ, ಅಷ್ಟೇ.